ವಾರದ ಸಭೆ ಮತ್ತು ಅತಿಥಿಯ ಅರ್ಧ ಗಂಟೆ

(ರೋಟರಿ ಕ್ಲಬ್‌ಗಳ ಹೊಸ ಪದಾಧಿಕಾರಿಗಳ ತರಬೇತಿಯಲ್ಲಿ ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರೆ, ಜುಲೈ ಒಂದರಿಂದ ಅಧಿಕಾರ ವಹಿಸಿಕೊಳ್ಳಲಿರುವ ಅಧ್ಯಕ್ಷರೆ, ಕಾರ್ಯದರ್ಶಿಗಳೆ, ಕುತೂಹಲದಿಂದ ಬಂದು ಕೂತಿರುವ ಲಯನ್ಸ್ ಸ್ನೇಹಿತರೆ,

ಕ್ಲಬ್ಬಿನಲ್ಲಿ ಎಲ್ಲರೂ ಆಸೆಪಡುವ ಹುದ್ದೆಗಳಿವೆ, ಯಾರಿಗೂ ಬೇಡವಾದ ಹುದ್ದೆಗಳೂ ಇವೆ. ಕಾರ್ಯಕ್ರಮ ಸಮಿತಿಯ ಅಧ್ಯಕ್ಷಗಿರಿ ಎರಡನೆಯ ಜಾತಿಯದು. ಪಟ್ಟಿ ಮಾಡುವ ದಿನ ಯಾರು ಗೈರುಹಾಜರೋ ಅವರ ತಲೆಗೆ ಕಟ್ಟುತ್ತೇವೆ. ಅವರ ಕೆಲಸವೂ ಹಾಗೇ ಸಾಗುತ್ತದೆ. ಮಂಗಳವಾರ ಸಭೆ ಎಂದರೆ ಸೋಮವಾರ ಸಂಜೆ ಯಾರಿಗೋ ಒಂದು ಫೋನು: "ಸರ್, ನಾಳೆ ನಮ್ಮ ಕ್ಲಬ್ಬಿಗೆ ಬಂದು ನಾಲ್ಕು ಮಾತಾಡಬೇಕು." "ಯಾವುದರ ಬಗ್ಗೆ?" "ನಿಮಗೆ ತೋಚಿದ್ದು ಸರ್." ಕ್ಲಬ್ಬು ಸೊರಗಲು ಶುರುವಾಗುವುದು ಈ ಫೋನಿನಿಂದಲೇ ಎಂದು ನನ್ನ ಗಟ್ಟಿ ಅಭಿಪ್ರಾಯ. ಅದನ್ನು ಹೇಳಲಿಕ್ಕೇ ಇವತ್ತು ನಿಂತಿದ್ದೇನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1905ರ ಫೆಬ್ರುವರಿ 23ರಂದು ಶಿಕಾಗೋದ ಯೂನಿಟಿ ಬಿಲ್ಡಿಂಗ್‌ನ 711ನೇ ಕೋಣೆಯಲ್ಲಿ ನಾಲ್ಕು ಜನ ಸೇರಿದರು, ಅದೇ ರೋಟರಿಯ ಮೊದಲ ಸಭೆ. ಪಾಲ್ ಹ್ಯಾರಿಸ್ ವಕೀಲರು, ಗುಸ್ತಾವಸ್ ಲೋರ್ ಗಣಿ ಎಂಜಿನಿಯರು, ಸಿಲ್ವೆಸ್ಟರ್ ಶೀಲ್ ಕಲ್ಲಿದ್ದಲು ವ್ಯಾಪಾರಿ, ಹೈರಮ್ ಶೋರಿ ದರ್ಜಿ. ಕೋಣೆ ಲೋರ್ ಅವರ ಆಫೀಸು. ಆಮೇಲಿನ ಸಭೆಗಳು ಸರದಿಯ ಮೇಲೆ ಒಬ್ಬೊಬ್ಬರ ಕೆಲಸದ ಜಾಗದಲ್ಲಿ ನಡೆದವು. ಒಂದು ಕಸುಬಿನಿಂದ ಒಬ್ಬರೇ ಸದಸ್ಯರು ಎಂಬ ನಿಯಮ ಬೇರೆ. ತಮ್ಮತಮ್ಮಲ್ಲಿ ವ್ಯಾಪಾರ ಬೆಳೆಸಿಕೊಳ್ಳುವ ಲೆಕ್ಕಾಚಾರ ಅದರ ಹಿಂದೆ ಇತ್ತು, ಮುಚ್ಚಿಡುವುದೇನಿಲ್ಲ. ಆದರೆ ಅದರಿಂದ ಇನ್ನೊಂದು ಲಾಭವಾಯಿತು. ಕೋಣೆಯಲ್ಲಿ ಯಾರು ಬಾಯಿ ತೆರೆದರೂ ಉಳಿದವರಿಗೆ ಗೊತ್ತಿಲ್ಲದ ಸಂಗತಿಯೇ ಬರುತ್ತಿತ್ತು. ಹೊಸ ಸದಸ್ಯರು ತಮ್ಮ ಕಸುಬಿನ ಬಗ್ಗೆ ಮಾತಾಡಬೇಕು ಎಂಬ ರೂಢಿ ನಮ್ಮಲ್ಲಿ ಉಳಿದಿರುವುದು ಆ ಕಾಲದ ಗುಣದಿಂದ. 1920ರಲ್ಲಿ ಮಾನ್ಯತೆ ಪಡೆದ ಕಲ್ಕತ್ತಾ ಕ್ಲಬ್ಬಿನ ಮೂಲಕ ಇದೆಲ್ಲ ಭಾರತಕ್ಕೆ ಬಂತು, 1934ರಲ್ಲಿ ಬೆಂಗಳೂರಿಗೆ.

ಈಗ ಲಯನ್ಸ್‌ನವರ ಮನೆಯಿಂದ ಒಂದು ಉದಾಹರಣೆ ಎತ್ತಿಕೊಳ್ಳುತ್ತೇನೆ, ಬೇಸರ ಬೇಡ. ಅತಿಥಿ ಭಾಷಣ ಏನು ಮಾಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ. 1925ರ ಜೂನ್ 30ರಂದು ಅಮೆರಿಕದ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ಲಯನ್ಸ್ ಸಮ್ಮೇಳನ. ಅತಿಥಿ ಹೆಲೆನ್ ಕೆಲರ್. ಕಣ್ಣು ಕಾಣದ, ಕಿವಿ ಕೇಳದ ನಲವತ್ತೈದು ವರ್ಷದ ಹೆಣ್ಣುಮಗಳು. ಆಕೆ ಸಂಸ್ಥೆಯನ್ನು ಹೊಗಳಲು ಹೋಗಲಿಲ್ಲ. ತಡೆಯಬಹುದಾದ ಕುರುಡುತನವನ್ನು ತಡೆಯಿರಿ, ಕತ್ತಲೆಯ ವಿರುದ್ಧದ ಹೋರಾಟದಲ್ಲಿ ಅಂಧರ ಪರ ನಿಲ್ಲುವ ಯೋಧರಾಗಿ ಎಂದು ನೇರವಾಗಿ ಕೇಳಿದರು. ಭಾಷಣ ಚಿಕ್ಕದು. ಸಂಸ್ಥೆ ಅದನ್ನು ಹೊತ್ತುಕೊಂಡಿತು. ಐದು ವರ್ಷಕ್ಕೆ ಪಿಯೋರಿಯಾ ಊರಿನ ಒಬ್ಬ ಲಯನ್ ಸದಸ್ಯರ ಸಲಹೆಯಿಂದ ಅಂಧರ ಬಿಳಿ ಕೋಲು ಅಮೆರಿಕದಲ್ಲಿ ಬಳಕೆಗೆ ಬಂತು. ಇವತ್ತು ನಮ್ಮ ತಾಲ್ಲೂಕಿನ ಶಾಲೆಯಲ್ಲಿ ಲಯನ್ಸ್‌ನವರು ಕಣ್ಣಿನ ಪೊರೆಯ ಶಿಬಿರ ಮಾಡುತ್ತಾರಲ್ಲ, ಅದರ ಬೇರು ಅಲ್ಲಿದೆ. ಇಷ್ಟಾಗಿಯೂ ಮಹಿಳೆಯರಿಗೆ ಸದಸ್ಯತ್ವ ತೆರೆಯಲು ಲಯನ್ಸ್‌ಗೆ 1987 ಬೇಕಾಯಿತು, ನಮಗೆ 1989. ಹೆಣ್ಣುಮಕ್ಕಳನ್ನು ಅತಿಥಿಯಾಗಿ ಕರೆದು ಕೇಳುವ ಬುದ್ಧಿ ಮೊದಲು ಬಂತು, ಪಕ್ಕದ ಕುರ್ಚಿ ಕೊಡುವ ಬುದ್ಧಿ ಬಹಳ ತಡವಾಗಿ.

ಈಗ ನಮ್ಮ ಸಭೆ ಹೇಗೆ ನಡೆಯುತ್ತದೆ ನೋಡಿ. ಆಹ್ವಾನದಲ್ಲಿ ಏಳೂವರೆ. ಅಧ್ಯಕ್ಷರು ಗಂಟೆ ಬಾರಿಸುವುದು ಎಂಟಕ್ಕೆ. ಪ್ರಾರ್ಥನೆ. ಆಮೇಲೆ ಫೋರ್ ವೇ ಟೆಸ್ಟ್; ದಿವಾಳಿಯ ಅಂಚಿಗೆ ಬಂದ ಅಲ್ಯೂಮಿನಿಯಂ ಪಾತ್ರೆ ಕಂಪನಿಯನ್ನು ಎತ್ತಿ ನಿಲ್ಲಿಸಲು ಹರ್ಬರ್ಟ್ ಟೇಲರ್ 1932ರಲ್ಲಿ ಬರೆದುಕೊಂಡ, ನಡೆನುಡಿ ಸತ್ಯವೇ, ನ್ಯಾಯವೇ ಎಂದು ಕೇಳಿಕೊಳ್ಳುವ ನಾಲ್ಕು ಪ್ರಶ್ನೆಗಳು. ನಮ್ಮ ಸಭೆಯಲ್ಲಿ ಅತಿ ಬೇಗ ಮುಗಿಯುವುದು ಅದೊಂದೇ. ನಂತರ ಅಧ್ಯಕ್ಷರ ಮಾತು, ಕಾರ್ಯದರ್ಶಿಗಳ ವರದಿ, ಹುಟ್ಟುಹಬ್ಬ ಮತ್ತು ಮದುವೆಯ ವಾರ್ಷಿಕೋತ್ಸವ ಇದ್ದವರಿಗೆ ಹೂವು, ಫೋಟೊ. ಫೋಟೊ ಸರಿ ಬರದಿದ್ದರೆ ಇನ್ನೊಂದು. ಆಮೇಲೆ ಅತಿಥಿಯ ಪರಿಚಯ, ಎಸ್ಸೆಸ್ಸೆಲ್ಸಿ ಎಲ್ಲಿ ಓದಿದರು ಎನ್ನುವಲ್ಲಿಂದ ಶುರು. ಅತಿಥಿ ಮೈಕಿನ ಮುಂದೆ ಬರುವಾಗ ಒಂಬತ್ತಕ್ಕೆ ಐದು ನಿಮಿಷ. ಅಷ್ಟು ಹೊತ್ತಿಗೆ ಹಿಂದಿನ ಬಾಗಿಲ ಹತ್ತಿರ ಅಡುಗೆಯವರು ತಟ್ಟೆ ಜೋಡಿಸುವ ಸದ್ದು, ಪಲಾವಿನ ಘಮ. ಕೊನೆಯ ಸಾಲಿನ ಇಬ್ಬರು ಆಗಲೇ ಕೈ ತೊಳೆಯಲು ಎದ್ದಿರುತ್ತಾರೆ. ಕಾರ್ಯದರ್ಶಿ ಒಂದು ಚೀಟಿ ಸರಿಸುತ್ತಾರೆ: "ಹತ್ತು ನಿಮಿಷ ಸಾಕು." ಮನೆಯಲ್ಲಿ ಕೂತು ತಯಾರಿ ಮಾಡಿಕೊಂಡು ಬಂದ ಮನುಷ್ಯ ನಡುವಿನ ಹಾಳೆಗಳನ್ನು ಬಿಟ್ಟು ಕೊನೆಯ ಹಾಳೆ ಓದುತ್ತಾರೆ. ಶಾಲು, ಹಾರ, ಮೈಸೂರು ಪೇಟ, ಮೊಮೆಂಟೊ ಮಾತ್ರ ಯಾವುದೂ ತಪ್ಪುವುದಿಲ್ಲ. ಲೆಕ್ಕ ಹಾಕಿದರೆ ಎಷ್ಟೋ ಸಲ ಸನ್ಮಾನಕ್ಕೆ ಹಿಡಿದ ಸಮಯ ಮಾತಿಗೆ ಸಿಕ್ಕಿರುವುದಿಲ್ಲ.

ಸನ್ಮಾನ ಬೇಡವೆನ್ನುತ್ತಿಲ್ಲ. ಆದರೆ ಶಾಲು ಹೊದಿಸಿದರೆ ಕೇಳಿಸಿಕೊಂಡಂತೆಯೇ ಎಂಬ ಭ್ರಮೆ ನಮ್ಮ ಊರುಗಳಲ್ಲಿ ಬಲವಾಗಿದೆ. ಪೋಲಿಯೊ ನಿರ್ಮೂಲನೆಯ ಕೆಲಸ ನಮ್ಮ ಸಂಸ್ಥೆಯ ಹೆಮ್ಮೆ. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿನದು. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆಗ ಎಷ್ಟೋ ಕ್ಲಬ್ಬುಗಳು ಆಶಾ ಕಾರ್ಯಕರ್ತೆಯರನ್ನು ಕರೆದು ಹಾರ ಹಾಕಿದವು. ಅವರ ಕೈಗೆ ಮೈಕು ಕೊಟ್ಟವರು ಕಡಿಮೆ. ಯಾವ ಓಣಿಯಲ್ಲಿ ಬಾಗಿಲು ತೆಗೆಯಲಿಲ್ಲ, ಯಾವ ಅಜ್ಜಿ ಬೈದು ಕಳಿಸಿದರು, ಆಮೇಲೆ ಯಾರ ಮಾತಿಗೆ ಒಪ್ಪಿದರು, ಇದು ಗೊತ್ತಿರುವುದು ಅವರಿಗೆ. ಇನ್ನೊಂದು ಆರೋಗ್ಯ ಯೋಜನೆ ಕೈಗೆತ್ತಿಕೊಳ್ಳುವಾಗ ನಮಗೆ ಬೇಕಾಗುವುದೂ ಅದೇ.

ಹಾಗಾದರೆ ಯಾರನ್ನು ಕರೆಯಬೇಕು? ನಮ್ಮ ಮಲೆನಾಡಿನ ಒಂದು ಕ್ಲಬ್ಬಿನಲ್ಲಿ ಮಳೆಗಾಲದ ಒಂದು ವಾರ ಲೈನ್‌ಮನ್ ಒಬ್ಬರನ್ನು ಕರೆದಿದ್ದರು. ಸದಸ್ಯರಲ್ಲಿ ಗೊಣಗಾಟ ಇತ್ತು, "ಅಧಿಕಾರಿಗಳು ಯಾರೂ ಸಿಗಲಿಲ್ಲವೇ" ಅಂತ. ಆತ ರಬ್ಬರ್ ಗ್ಲೌಸು, ಅರ್ಥ್ ರಾಡು, ಟೆಸ್ಟರು ಎಲ್ಲ ಚೀಲದಲ್ಲಿ ತಂದು ಮೇಜಿನ ಮೇಲೆ ಹರವಿದರು. ಕರೆಂಟು ಹೋದ ಕೂಡಲೇ ನೀವು ಫೋನ್ ಮಾಡುತ್ತೀರಿ, ಸರಿ. ನಾನು ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿ ಕೊಡುವ ಒಪ್ಪಿಗೆ, ತಗೊಳ್ಳಬೇಕು, ಲೈನಿಗೆ ಅರ್ಥ್ ಹಾಕಬೇಕು, ತಡವಾಗುವುದು ಅದಕ್ಕೆ ಎಂದರು. ಆಮೇಲೆ ಹೇಳಿದ್ದು ಕೇಳಿ ಕೋಣೆ ತಣ್ಣಗಾಯಿತು. "ಲೈನ್ ಆಫ್ ಇದ್ದರೂ ನನಗೆ ಭಯ ಇರೋದು ನಿಮ್ಮ ಜನರೇಟರದ್ದು. ಜನರೇಟರನ್ನು ಲೈನಿನಿಂದ ಬೇರೆ ಮಾಡೋ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆ ವೈರಿಂಗಿಗೆ ಜನರೇಟರ್ ಕೊಟ್ಟರೆ ಕರೆಂಟು ಹಿಂದಕ್ಕೆ ಬಂದು ಟ್ರಾನ್ಸ್‌ಫಾರ್ಮರ್ ಸೇರುತ್ತೆ. ಆ ಕಡೆ ಹನ್ನೊಂದು ಸಾವಿರ ವೋಲ್ಟಿಗೂ ಏರಬಹುದು. ಕಂಬದ ಮೇಲೆ ನಾನಿರ್ತೀನಿ ಸ್ವಾಮಿ."

ಆ ಕ್ಲಬ್ಬಿನಲ್ಲಿ ಕಲ್ಯಾಣ ಮಂಟಪದ ಮಾಲೀಕರಿದ್ದರು, ಸಾ ಮಿಲ್ಲಿನವರಿದ್ದರು, ನರ್ಸಿಂಗ್ ಹೋಮ್ ನಡೆಸುವವರಿದ್ದರು. ಎಲ್ಲರ ಮನೆಯಲ್ಲೂ ಜನರೇಟರು. ಊಟ ಆರುತ್ತಿದ್ದರೂ ಯಾರೂ ಏಳಲಿಲ್ಲ. ಪ್ರಶ್ನೆಗಳು ಹತ್ತು ಗಂಟೆ ದಾಟಿದವು. ಮರುದಿನದಿಂದ ಎಲೆಕ್ಟ್ರಿಷಿಯನ್‌ಗಳಿಗೆ ಕೈತುಂಬ ಕೆಲಸ. ಮುಂದಿನ ತಿಂಗಳು ಕ್ಲಬ್ಬು ಊರಿನ ಅಂಗಡಿ ಸಾಲಿನಲ್ಲಿ ಜನರೇಟರ್ ಸಂಪರ್ಕಗಳ ತಪಾಸಣೆ ಮಾಡಿಸಿತು. ಖರ್ಚು ಬ್ಯಾನರಿನದು ಮಾತ್ರ. ಅದನ್ನೂ ಮಾಡಿಸದೆ ಇರಬಹುದಿತ್ತು.

ವೈದ್ಯರನ್ನು ಕರೆಯುವುದು ನಮಗೆ ಸುಲಭ, ಪ್ರತಿ ಕ್ಲಬ್ಬಿನಲ್ಲೂ ನಾಲ್ಕಾರು ಜನ ಇರುತ್ತಾರೆ. ಹಾಗಾಗಿ ವರ್ಷದಲ್ಲಿ ಮೂರು ಸಲ ಸಕ್ಕರೆ ಕಾಯಿಲೆ ಬಗ್ಗೆ ಕೇಳಿ, ಮೂರು ಸಲವೂ ಜಾಮೂನು ತಿಂದು ಮನೆಗೆ ಹೋಗುತ್ತೇವೆ. ಅದರ ಬದಲು ಉಪನೋಂದಣಿ ಕಚೇರಿಯ ಎದುರು ಕೂರುವ ಪತ್ರ ಬರಹಗಾರರನ್ನು ಕರೆಯಿರಿ, ಯಾವ ತಪ್ಪಿನಿಂದ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ ಎಂದು ಹೇಳುತ್ತಾರೆ. ನೀರು ಬಿಡುವವರನ್ನು ಕರೆಯಿರಿ. ಎಪಿಎಂಸಿಯ ಹಮಾಲರನ್ನು ಕರೆಯಿರಿ. ಚುನಾವಣೆ ಹತ್ತಿರ ಬಂದಾಗ ಅಭ್ಯರ್ಥಿಗಳನ್ನು ಮಾತ್ರ ಕರೆಯಬೇಡಿ, ಎಷ್ಟೇ ಒತ್ತಡ ಬಂದರೂ.

ಕರೆಯುವ ರೀತಿಯೂ ಮುಖ್ಯ. ಮೂರು ವಾರ ಮುಂಚೆ ಮುಖತಃ ಹೋಗಿ, "ಇಪ್ಪತ್ತೈದು ನಿಮಿಷ ನಿಮ್ಮದು, ನಮಗೆ ಗೊತ್ತಿಲ್ಲದ ಒಂದು ವಿಷಯ ಹೇಳಿ" ಎಂದು ಕೇಳಿ. ಭಾಷಣ ಬರುವುದಿಲ್ಲ ಎಂದು ಹಿಂಜರಿದರೆ ಒಬ್ಬ ಸದಸ್ಯರು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುತ್ತ ಮಾತಾಡಿಸಲಿ. ಅಂಥವರಿಗೆ ಹಾಗೆ ಮಾತು ಚೆನ್ನಾಗಿ ಬರುತ್ತದೆ. ಪರಿಚಯ ಮೂರೇ ವಾಕ್ಯ. ಹುಟ್ಟುಹಬ್ಬದ ಹೂವು ಊಟದ ಹೊತ್ತಿಗೆ ಇರಲಿ. ಪ್ರಶ್ನೆಯ ಸಮಯದಲ್ಲಿ ಮೊದಲ ಅವಕಾಶ ಕಿರಿಯ ಸದಸ್ಯರಿಗೆ. ಮಾಜಿ ಅಧ್ಯಕ್ಷರಿಗೆ ಮೊದಲು ಮೈಕು ಸಿಕ್ಕರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ನಾನೂ ಮಾಜಿ ಅಧ್ಯಕ್ಷನೇ, ಧೈರ್ಯವಾಗಿ ಹೇಳುತ್ತೇನೆ.

ಪ್ರತಿ ವಾರ ಸೇರಲೇಬೇಕೇ ಎಂದು ಕೆಲವರು ಆಗಲೇ ಚೀಟಿ ಕಳಿಸಿದ್ದೀರಿ. ರೋಟರಿಯ ನಿಯಮಗಳನ್ನು ರೂಪಿಸುವ ಶಾಸನ ಸಭೆ 2016ರಲ್ಲಿ ನಡೆದ ನಂತರ ನಿಯಮ ಸಡಿಲವಾಗಿದೆ. ತಿಂಗಳಿಗೆ ಎರಡು ಸಭೆಯಾದರೂ ನಡೆಯತಕ್ಕದ್ದು, ಆನ್‌ಲೈನೂ ಆಗುತ್ತದೆ. ಸಣ್ಣ ಊರಿನ ಕ್ಲಬ್ಬು ಎರಡಕ್ಕೆ ಇಳಿಸಿಕೊಂಡರೆ ನನ್ನ ತಕರಾರಿಲ್ಲ. ಅತಿಥಿಯನ್ನು ಹೊಂದಿಸಲಾಗದೆ ನಾಲ್ಕು ಸಭೆ ಎಳೆಯುವುದಕ್ಕಿಂತ ಅದು ವಾಸಿ. ಆದರೆ ಆ ಎರಡರಲ್ಲಿ ಒಂದನ್ನು ಪದಗ್ರಹಣಕ್ಕೋ ರೋಟರಿ ಜಿಲ್ಲಾ ಗವರ್ನರ್ ಭೇಟಿಗೋ ಮೀಸಲಿಟ್ಟು ಉಳಿದದ್ದರಲ್ಲಿ ಹೌಸಿ (ತಂಬೋಲ) ಆಡುವ ಕ್ಲಬ್ಬುಗಳಿವೆ. ಅವು ಯಾವುವೆಂದು ಹೇಳುವುದಿಲ್ಲ, ನಗುತ್ತಿರುವವರಿಗೆ ಗೊತ್ತು.

ಇನ್ನೊಂದು ಮಾತು ಉಳಿದಿದೆ. ದಿನಗೂಲಿಯವರನ್ನು ಕರೆದರೆ ಆ ದಿನದ ದುಡಿಮೆ ಮತ್ತು ಬಸ್ ಚಾರ್ಜನ್ನು ಲಕೋಟೆಯಲ್ಲಿ ಹಾಕಿ ಕೊಡಿ, ಮೊಮೆಂಟೊ ಬೇಕಿಲ್ಲ. ಅವರು ಹೇಳಿದ್ದರಿಂದ ಕ್ಲಬ್ಬಿನಲ್ಲಿ ಏನಾದರೂ ಕೆಲಸ ಆದರೆ ಎರಡು ತಿಂಗಳ ನಂತರ ಫೋನ್ ಮಾಡಿ ತಿಳಿಸಿ. ಈ ಎರಡೂ ಕೆಲಸ ಯಾರದು ಎಂದು ಜುಲೈ ಮೊದಲ ಸಭೆಯಲ್ಲೇ ಹೆಸರು ಬರೆದು ಗೊತ್ತುಮಾಡಿಕೊಳ್ಳಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ನಮಸ್ಕಾರ.