ದುಡ್ಡು ಹಾಕದ ನಿರ್ಮಾಪಕಿ: ವೆರಿಟಿ ಲ್ಯಾಂಬರ್ಟ್

ನಮಸ್ಕಾರ. ನಿರ್ಮಾಪಕ ಎಂದಾಕ್ಷಣ ನಮಗೆ ಹೊಳೆಯುವ ಅರ್ಥ ದುಡ್ಡು ಹಾಕುವವನು ಎಂಬುದು. ಟೆಲಿವಿಷನ್ನಿನ ಇತಿಹಾಸದಲ್ಲಿ ಈ ಹುದ್ದೆಯ ತೂಕ ಬೇರೆಯೇ ಇದೆ. ಕೈಯಿಂದ ಕಾಸು ಹಾಕದೆ, ಸಂಬಳಕ್ಕಿದ್ದುಕೊಂಡೇ, ಒಂದು ಕಾರ್ಯಕ್ರಮದ ಪಾಪಪುಣ್ಯವನ್ನೆಲ್ಲ ತಲೆಯ ಮೇಲೆ ಹೊರುವ ಕೆಲಸ ಅದು. ಬ್ರಿಟನ್ನಿನ ವೆರಿಟಿ ಲ್ಯಾಂಬರ್ಟ್ ಅವರಿಗಿಂತ ಒಳ್ಳೆಯ ಸಾಕ್ಷಿ ಇದಕ್ಕೆ ನನಗಂತೂ ಕಾಣುವುದಿಲ್ಲ.

1958ರ ನವೆಂಬರ್ ತಿಂಗಳ ಒಂದು ರಾತ್ರಿಯಿಂದ ಆರಂಭಿಸುತ್ತೇನೆ. ಆಗ ಲ್ಯಾಂಬರ್ಟ್ ಅವರಿಗೆ 23 ವರ್ಷ. ಬ್ರಿಟನ್ನಿನದೇ ಖಾಸಗಿ ಕಂಪನಿಯಾದ ಎಬಿಸಿ ಟೆಲಿವಿಷನ್ನಿನಲ್ಲಿ ಪ್ರೊಡಕ್ಷನ್ ಅಸಿಸ್ಟೆಂಟ್ ಆಗಿದ್ದರು. ಅಣುಬಾಂಬಿಗೆ ತುತ್ತಾದ ಲಂಡನ್ನಿನ ಸುರಂಗ ರೈಲುಮಾರ್ಗದಲ್ಲಿ ಸಿಕ್ಕಿಬಿದ್ದವರ ಕುರಿತ ನಾಟಕವೊಂದು ನೇರ ಪ್ರಸಾರವಾಗುತ್ತಿತ್ತು. ಎರಡು ದೃಶ್ಯಗಳ ನಡುವೆ, ಕ್ಯಾಮೆರಾ ಬೇರೆಡೆ ಇದ್ದಾಗ, ಗ್ಯಾರೆತ್ ಜೋನ್ಸ್ ಎಂಬ ನಟ ಕುಸಿದುಬಿದ್ದು ತೀರಿಕೊಂಡರು. ಅವರಿಲ್ಲದೆ ಕಥೆಯನ್ನು ಹೇಗೆ ದಡ ಸೇರಿಸುವುದೆಂದು ಉಳಿದ ನಟರಿಗೆ ಹೇಳಿಕೊಡಲು ನಿರ್ದೇಶಕ ಟೆಡ್ ಕೊಚೆಫ್ ಗ್ಯಾಲರಿ, ಅಂದರೆ ನಿಯಂತ್ರಣ ಕೊಠಡಿ, ಬಿಟ್ಟು ಸ್ಟುಡಿಯೋದ ನೆಲಕ್ಕೆ ಧಾವಿಸಿದರು. ಗ್ಯಾಲರಿಯಲ್ಲಿ ಕುಳಿತು ಕ್ಯಾಮೆರಾಗಳನ್ನು ನಡೆಸಿದವರು ಲ್ಯಾಂಬರ್ಟ್. ಯಾವ ಮಾತು ಯಾರ ಬಾಯಿಂದ ಬರುತ್ತದೆಂದು ಖಚಿತವಿಲ್ಲದ ನಾಟಕದಲ್ಲಿ ಮುಂದಿನ ಶಾಟ್ ಯಾವುದೆಂದು ಹೇಳುತ್ತ ಹೋಗುವುದು ಎಂಥ ಕೆಲಸವೆಂದು ಸುಮ್ಮನೆ ಊಹಿಸಿ ನೋಡಿ.

ಆ ನಾಟಕ ಸೇರಿದ್ದ ಮಾಲೆಯ ಹೊಣೆ ಹೊತ್ತಿದ್ದ ಕೆನಡಾದ ಸಿಡ್ನಿ ನ್ಯೂಮನ್ ಮುಂದೆ ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾದರು. ಶನಿವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡುವಂಥ ಹೊಸ ಧಾರಾವಾಹಿಗೆ, ಅಂದರೆ ಕಾಲಯಾನದ ವೈಜ್ಞಾನಿಕ ಕಲ್ಪನೆಯ ‘ಡಾಕ್ಟರ್ ಹೂ’ಗೆ, 1963ರಲ್ಲಿ ಅವರು ಕರೆತಂದದ್ದು 27ರ ಲ್ಯಾಂಬರ್ಟ್ ಅವರನ್ನು. ಆ ವಿಭಾಗದ ನಿರ್ಮಾಪಕರಲ್ಲಿ ಅವರೇ ಅತಿ ಕಿರಿಯರು, ಅವರೊಬ್ಬರೇ ಮಹಿಳೆ. ಮೊದಲ ಕಂತಿನ ನಿರ್ದೇಶಕರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಹಳೆಯ ಹುಲಿಗಳ ನಡುವೆ ಒಬ್ಬ ತರುಣಿ, ಒಬ್ಬ ಭಾರತೀಯ; ಇವರಿಗೆ ಸಿಕ್ಕಿದ್ದು ಲೈಮ್ ಗ್ರೋವ್‌ನ ಇಕ್ಕಟ್ಟಾದ, ಕಾವೇರಿದ ಸ್ಟುಡಿಯೋ. ಮೊದಲು ಚಿತ್ರೀಕರಿಸಿದ ಕಂತನ್ನು ನೋಡಿದ ನ್ಯೂಮನ್ ಅದನ್ನು ತಿರಸ್ಕರಿಸಿ, ಮತ್ತೆ ಮಾಡಿ ಎಂದರು. ಮತ್ತೆ ಮಾಡಿದ್ದು ಪ್ರಸಾರವಾದದ್ದು ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ಮರುದಿನ; ಆ ಸುದ್ದಿಯ ನಡುವೆ ಅದು ಹಲವರ ಕಣ್ಣಿಗೆ ಬೀಳದೆ ಹೋದ್ದರಿಂದ ಮುಂದಿನ ವಾರ ಎರಡನೆಯ ಕಂತಿಗೆ ಮೊದಲು ಅದನ್ನೇ ಇನ್ನೊಮ್ಮೆ ತೋರಿಸಬೇಕಾಯಿತು.

ನಿಜವಾದ ಪರೀಕ್ಷೆ ಇದ್ದದ್ದು ಎರಡನೆಯ ಕಥೆಯಲ್ಲಿ. ಗುಡ್ಡೆಗಣ್ಣಿನ ರಾಕ್ಷಸರು ಬೇಡವೇ ಬೇಡ ಎಂಬುದು ನ್ಯೂಮನ್ ಅವರ ಕಟ್ಟಪ್ಪಣೆ. ಲೇಖಕ ಟೆರಿ ನೇಷನ್ ಬರೆದುಕೊಟ್ಟದ್ದು ಡಾಲೆಕ್ ಎಂಬ ಲೋಹದ ಚಿಪ್ಪಿನ ಜೀವಿಗಳ ಕಥೆ. ಧಾರಾವಾಹಿ ವಿಭಾಗದ ಮುಖ್ಯಸ್ಥ ಡೊನಾಲ್ಡ್ ವಿಲ್ಸನ್ ಅವರಿಗೂ ಅದು ಹಿಡಿಸಲಿಲ್ಲ. ಲ್ಯಾಂಬರ್ಟ್ ಅವರ ಉತ್ತರದಲ್ಲಿ ಕಲೆಯ ಕುರಿತ ಉಪನ್ಯಾಸವೇನೂ ಇರಲಿಲ್ಲ: ಸಿದ್ಧವಿರುವ ಸ್ಕ್ರಿಪ್ಟ್ ಇದೊಂದೇ. ಈ ಉತ್ತರ ನನಗೆ ಬಹಳ ಇಷ್ಟ, ಏಕೆಂದರೆ ನಿರ್ಮಾಪಕರ ಧೈರ್ಯ ಹಲವು ಸಲ ಹೀಗೆ ಕ್ಯಾಲೆಂಡರಿನ ಒತ್ತಡದ ವೇಷದಲ್ಲೇ ಬರುತ್ತದೆ. ಬ್ರಿಟನ್ನಿನ ಮಕ್ಕಳೆಲ್ಲ ಡಾಲೆಕ್‌ಗಳನ್ನು ಅನುಕರಿಸತೊಡಗಿದ ಮೇಲೆ, ಈ ಕಾರ್ಯಕ್ರಮ ನನಗಿಂತ ನಿಮಗೇ ಚೆನ್ನಾಗಿ ಗೊತ್ತು ಎಂದು ವಿಲ್ಸನ್ ಒಪ್ಪಿಕೊಂಡರು.

1965ರಲ್ಲಿ ಲ್ಯಾಂಬರ್ಟ್ ಆ ಧಾರಾವಾಹಿಯನ್ನು ಬಿಟ್ಟರು. 1974ರಲ್ಲಿ ಖಾಸಗಿ ಕಂಪನಿಯಾದ ಥೇಮ್ಸ್ ಟೆಲಿವಿಷನ್ನಿನ ನಾಟಕ ವಿಭಾಗದ ಮುಖ್ಯಸ್ಥೆಯಾದರು. ಸಲಿಂಗಕಾಮಿಯಾಗಿ ಬಹಿರಂಗವಾಗಿಯೇ ಬದುಕಿದ ಕ್ವೆಂಟಿನ್ ಕ್ರಿಸ್ಪ್ ಅವರ ಜೀವನಕಥೆಯನ್ನು ಬಿಬಿಸಿ ಬೇಡವೆಂದಾಗ, 1975ರಲ್ಲಿ ಅದನ್ನು ತೆರೆಗೆ ತಂದದ್ದು ಅವರ ಕಾಲದ ಥೇಮ್ಸ್.

ಸೋಲೂ ಅವರ ಲೆಕ್ಕಕ್ಕೇ ಸೇರಬೇಕು. 1985ರಲ್ಲಿ ಕಟ್ಟಿದ ಸಿನಿಮಾ ವೆರಿಟಿ ಎಂಬ ಸ್ವಂತ ಕಂಪನಿಯ ಮೂಲಕ ಬಿಬಿಸಿಗಾಗಿ ಮಾಡಿದ ‘ಎಲ್ಡೊರಾಡೊ’ ಎಂಬ ಧಾರಾವಾಹಿಗೆ ಸ್ಪೇನಿನಲ್ಲಿ ಒಂದು ಊರನ್ನೇ ಸೆಟ್ ಹಾಕಿದ್ದರು, 1992ರ ಜುಲೈಯಲ್ಲಿ ಆರಂಭವಾದದ್ದು ಒಂದೇ ವರ್ಷದಲ್ಲಿ ನಿಂತುಹೋಯಿತು. ಪತ್ರಿಕೆಗಳು ಚೆನ್ನಾಗಿಯೇ ಗೇಲಿ ಮಾಡಿದವು. ಅಷ್ಟು ಹೆಸರು ಮಾಡಿದವರು ಅಲ್ಲಿಗೆ ಕೈತೊಳೆದುಕೊಂಡಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮತ್ತೆ ಬೇರೆಯವರ ಸ್ಕ್ರಿಪ್ಟುಗಳನ್ನು ಮುಂದಿಟ್ಟುಕೊಂಡು ಕುಳಿತರು. 2007ರ ನವೆಂಬರ್ 22ರಂದು, ‘ಡಾಕ್ಟರ್ ಹೂ’ಗೆ 44 ತುಂಬುವ ಹಿಂದಿನ ದಿನ, ತೀರಿಕೊಂಡರು. ಅವರು ನಿರ್ಮಿಸಿದ ‘ಲವ್ ಸೂಪ್’ ಎಂಬ ಹಾಸ್ಯ ಧಾರಾವಾಹಿಯ ಎರಡನೆಯ ಸರಣಿ 2008ರಲ್ಲಿ ಪ್ರಸಾರವಾಯಿತು.