ಪ್ರಶ್ನೋತ್ತರದ ಹೊತ್ತಿಗೆ ಏಳುವ ಕೈಗಳು

ಎಲ್ಲರಿಗೂ ನಮಸ್ಕಾರ.

ಮನೆಯೊಳಗಿನ ಹಿಂಸೆಯ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಯಲ್ಲಿ ಎರಡು ಮಾತು ಬಂದೇ ಬರುತ್ತವೆ. "ಅಷ್ಟು ಕಷ್ಟ ಇದ್ದರೆ ಅವಳು ಬಿಟ್ಟು ಬರಬಹುದಿತ್ತಲ್ಲ?" ಅನ್ನುವುದು ಒಂದು. "ಗಂಡಸರೂ ಏಟು ತಿನ್ನುತ್ತಾರೆ, ಅವರ ಪಾಡು ಯಾರಿಗೂ ಬೇಡ" ಅನ್ನುವುದು ಇನ್ನೊಂದು. ಇಂಥ ಮಾತು ಕೇಳಿದ ಕೂಡಲೇ ವೇದಿಕೆಯ ಮೇಲಿರುವ ನಮ್ಮಂಥವರಿಗೆ ಸಿಟ್ಟು ಬರುತ್ತದೆ. ಬರಬಾರದು. ಎರಡಕ್ಕೂ ಉತ್ತರ ಇದೆ.

ಮೊದಲ ಮಾತು ಎಲ್ಲಿಂದ ಹುಟ್ಟುತ್ತದೆ ನೋಡೋಣ. 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಎಂಬ ಮನಶ್ಶಾಸ್ತ್ರ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗವಿದೆ. ಪಾಠ ಕಲಿಯುತ್ತಿರುವ ಹುಡುಗಿ ತಪ್ಪು ಉತ್ತರ ಕೊಟ್ಟಾಗೆಲ್ಲ ಕರೆಂಟ್ ಶಾಕ್ ತಿನ್ನುವುದನ್ನು ಕಾಲೇಜು ವಿದ್ಯಾರ್ಥಿನಿಯರು ನೋಡಬೇಕು. ಶಾಕ್ ಬರೀ ನಾಟಕ. ನೋಡುವವರಿಗೆ ಮಾತ್ರ ಅದು ಗೊತ್ತಿಲ್ಲ. ಅದನ್ನು ನಿಲ್ಲಿಸುವ ಅವಕಾಶ ಸಿಕ್ಕವರಲ್ಲಿ ಹೆಚ್ಚಿನವರು ನಿಲ್ಲಿಸಿದರು. ಆ ಅವಕಾಶ ಇಲ್ಲದೆ ಸುಮ್ಮನೆ ನೋಡುತ್ತ ಕೂರಬೇಕಾದವರು ಆ ಹುಡುಗಿಯನ್ನೇ ಹಗುರಾಗಿ ಕಾಣತೊಡಗಿದರು. ಏಟು ತಿಂದವಳ ಬೆಲೆ ಅವರ ಕಣ್ಣಲ್ಲಿ ಇಳಿದುಹೋಯಿತು.

ನೋಡುತ್ತಿದ್ದವರೆಲ್ಲ ಹೆಂಗಸರೇ ಅನ್ನುವುದನ್ನು ಗಮನಿಸಿ. "ಅವಳ ಬಾಯಿಯೂ ಸ್ವಲ್ಪ ಜೋರೇ" ಎಂದು ಹೆಂಗಸರೇ ಹೇಳುವುದನ್ನು ಕೇಳಿ ಹೆಣ್ಣಿಗೆ ಹೆಣ್ಣೇ ಶತ್ರು ಎಂದು ಷರಾ ಬರೆಯುವವರಿದ್ದಾರೆ. ನನಗೆ ಅದು ಸೋಮಾರಿತನದ ಮಾತು ಅನಿಸುತ್ತದೆ. ಅವಳಲ್ಲಿ ಒಂದು ಐಬು ಸಿಕ್ಕಿದರೆ, ಆ ಐಬು ಇಲ್ಲದ ನಾನು ಬಚಾವು. "ಬಿಟ್ಟು ಬರಬಹುದಿತ್ತಲ್ಲ" ಎಂದು ಕೇಳುವವರಿಗೆ ಬೇಕಾಗಿರುವುದೂ ಈ ನೆಮ್ಮದಿಯೇ.

ಇನ್ನು ಬಿಟ್ಟು ಬರುವ ವಿಚಾರ. ಸಂಗಾತಿಯಿಂದ ಕೊಲೆಯಾದ ಹೆಂಗಸರ ಪ್ರಕರಣಗಳನ್ನು ಇಟ್ಟುಕೊಂಡು ಅಮೆರಿಕದ ಸಂಶೋಧಕಿ ಜಾಕ್ವೆಲಿನ್ ಕ್ಯಾಂಬೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಬ್ಬಾಳಿಕೆ ಮಾಡುವವನಿಂದ ದೂರವಾಗುವ ಹೊತ್ತಿನಲ್ಲಿ ಜೀವಕ್ಕೆ ಅಪಾಯ ಏರುತ್ತದೆ. ಅವಳು ಉಳಿದುಕೊಂಡದ್ದು ಹೆಡ್ಡತನದಿಂದಲೇ ಎಂದುಕೊಳ್ಳಬೇಡಿ. ಅವನೇನು ಮಾಡಬಲ್ಲ ಅನ್ನುವುದು ನಮಗಿಂತ ಅವಳಿಗೆ ಚೆನ್ನಾಗಿ ಗೊತ್ತು.

ಎರಡನೆಯ ಮಾತು ಸುಳ್ಳಲ್ಲ. ಗಂಡಸರು ಏಟು ತಿನ್ನುತ್ತಾರೆ. ಆದರೆ ಗಂಡ ಹೆಂಡತಿ ಇಬ್ಬರೂ ಸಮಸಮ ಹೊಡೆಯುತ್ತಾರೆ ಎಂಬ ವಾದ ಬಹುಪಾಲು ನಿಂತಿರುವುದು ಸಮಾಜಶಾಸ್ತ್ರಜ್ಞ ಮರ್ರೆ ಸ್ಟ್ರಾಸ್ 1979ರಲ್ಲಿ ಪ್ರಕಟಿಸಿದ, ಮನೆಜಗಳದ ಹಿಂಸೆ ಅಳೆಯುವ ಪ್ರಶ್ನೆಪಟ್ಟಿಯ ಮೇಲೆ. ಎಷ್ಟು ಸಲ ತಳ್ಳಿದರು, ಎಷ್ಟು ಸಲ ಕೆನ್ನೆಗೆ ಬಾರಿಸಿದರು ಎಂದು ಅದು ಎಣಿಸುತ್ತಿತ್ತು; ಯಾರಿಗೆ ಯಾರ ಭಯ ಎಂದು ಕೇಳುತ್ತಿರಲಿಲ್ಲ. ಜಗಳ ಕೈಮೀರಿ ಬೀಳುವ ಏಟು ಬೇರೆ, ಒಬ್ಬರನ್ನು ಉಸಿರೆತ್ತದಂತೆ ಹಿಡಿದಿಡುವ ನಿತ್ಯದ ದಬ್ಬಾಳಿಕೆ ಬೇರೆ ಎಂದು ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮೈಕಲ್ ಜಾನ್ಸನ್ 1995ರಲ್ಲಿ ತೋರಿಸಿದರು. ವಿಶ್ವಸಂಸ್ಥೆಯ ಅಂದಾಜಿನಂತೆ 2017ರಲ್ಲಿ ಜಗತ್ತಿನಾದ್ಯಂತ ಕೊಲೆಯಾದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಗಂಡಸರು. ಸಂಗಾತಿಯ ಕೈಯಲ್ಲಿ ಸತ್ತವರನ್ನಷ್ಟೇ ಎಣಿಸಿದರೆ ನೂರಕ್ಕೆ 82 ಮಂದಿ ಹೆಂಗಸರು. ಲೆಕ್ಕ ತಲೆಕೆಳಗಾಗುವುದು ಮನೆಯೊಳಗೆ.

ಏಟು ತಿಂದ ಗಂಡಸು ಬಾಯಿಬಿಟ್ಟರೆ ಜನ ನಗುತ್ತಾರೆ. ಹೆಂಗಸಿಗೆ "ಸಹಿಸಿಕೋ" ಎನ್ನುವವರೇ ಅವನಿಗೆ "ಗಂಡಸಲ್ಲವೇನಯ್ಯಾ" ಎನ್ನುವುದು. ಅವನ ಸಂಕಟಕ್ಕೂ ಸಭೆ ಬೇಕು. ಹೆಂಗಸರ ಮಾತು ತಡೆಯುವುದಕ್ಕಷ್ಟೇ ಅವನ ಹೆಸರು ಎತ್ತಿದರೆ ಅವನಿಗೇನು ಬಂತು?

ಮೂರನೆಯ ಬಗೆಯ ಪ್ರತಿಕ್ರಿಯೆ ಮೈಕಿನಲ್ಲಿ ಬರುವುದಿಲ್ಲ. ಸಭೆ ಮುಗಿದು ಕುರ್ಚಿ ಜೋಡಿಸುವಾಗ ಒಬ್ಬರು ಬ್ಯಾಗಿನ ಜಿಪ್ಪು ಎಳೆಯುತ್ತ, ತೆಗೆಯುತ್ತ, "ನನ್ನ ಗೆಳತಿಯೊಬ್ಬಳಿಗೆ ಹೀಗಾಗುತ್ತಿದೆ" ಎನ್ನುತ್ತಾರೆ. ಆ ಗೆಳತಿ ನೀವೇನಾ ಎಂದು ಕೇಳಬೇಡಿ. ಗೆಳತಿ ಗೆಳತಿಯಾಗಿಯೇ ಇರಲಿ. ಕೇಳಬೇಕಾದ್ದು ಬೇರೆ: ಅವನು ಯಾವತ್ತಾದರೂ ಕುತ್ತಿಗೆ ಹಿಸುಕಿದ್ದಾನೆಯೇ? ಹಿಸುಕಿದ್ದರೆ ಮುಂದೆ ಕೊಲೆಯಾಗುವ ಸಾಧ್ಯತೆ ಬಹಳ ಹೆಚ್ಚು. ಮೇಲೆ ಗಾಯ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು, ವೈದ್ಯರು ನೋಡಲೇಬೇಕು. ಹೌದು ಎಂಬ ಉತ್ತರ ಬಂದರೆ ಹೊಂದಾಣಿಕೆಯ ಮಾತು ಅಲ್ಲಿಗೇ ಬಿಡಿ. ಗೆಳತಿ ಈ ರಾತ್ರಿ ಎಲ್ಲಿ ಮಲಗುತ್ತಾಳೆ, ಮಕ್ಕಳು ಯಾರ ಹತ್ತಿರ ಇರುತ್ತಾರೆ, ಅವಳ ಫೋನನ್ನು ಅವನು ತೆಗೆದು ನೋಡುತ್ತಾನೆಯೇ, ಇದನ್ನು ಮಾತಾಡಿ.