ಸೈಕಲ್ ರೇಸಿಗೆ ಹಂದಿಮರಿ ಬಹುಮಾನ! ಇದರ ಹಿಂದಿದೆ ಒಂದು ಶಾಲೆಯ ಕಥೆ

[ದೃಶ್ಯ: ಬಹುಮಾನದ ವೇದಿಕೆ. ಮೈಯೆಲ್ಲ ಧೂಳು ಮೆತ್ತಿಕೊಂಡ ಸೈಕಲಿಗನ ತೋಳಲ್ಲಿ ಕೊಸರಾಡ್ತಿರೋ ಹಂದಿಮರಿ.]

ನಮಸ್ಕಾರ. ಕಲ್ಲುಹಾಸಿನ ರಸ್ತೆಗೆ ಹೆಸರಾದ ಫ್ರಾನ್ಸಿನ ಪ್ಯಾರಿಸ್-ರೂಬೆ ಸೈಕಲ್ ರೇಸಿನ ಬಗ್ಗೆ ವಿಡಿಯೋ ಮಾಡಿದಾಗ ನಿಮ್ಮಲ್ಲೊಬ್ಬರು ಕೇಳಿದ್ರಿ: "ಫ್ರಾನ್ಸಲ್ಲಿ ಜೀವಂತ ಹಂದಿಮರಿ ಬಹುಮಾನ ಕೊಡೋ ಸೈಕಲ್ ರೇಸ್ ಇದೆಯಂತೆ, ನಿಜಾನಾ?" ನಿಜ. ಹೆಸರು ಟ್ರೋ-ಬ್ರೋ ಲೇಯೋನ್. ಹಂದಿಮರಿ ಯಾಕೆ ಅಂತ ಹುಡುಕ್ಕೊಂಡು ಹೋದೆ, ಹೋಗಿ ನಿಂತಿದ್ದು ಒಂದು ಶಾಲೆಯ ಬಾಗಿಲಲ್ಲಿ.

ಮೊದಲ ಪಾಠ ಬೇಗ ಮುಗಿಸ್ತೀನಿ. ಇದು ಒಂದೇ ದಿನದ ರೇಸ್, ದೂರ ಹೆಚ್ಚುಕಮ್ಮಿ 200 ಕಿ.ಮೀ. ಫ್ರಾನ್ಸ್ ಭೂಪಟದ ಎಡಗಡೆ, ಅಟ್ಲಾಂಟಿಕ್ ಸಮುದ್ರದೊಳಕ್ಕೆ ಮೂಗು ಚಾಚಿದ ಹಾಗೆ ಇರೋ ಭಾಗವೇ ಬ್ರಿಟನಿ. ಆ ಮೂಗಿನ ತುದಿಯ ಮೇಲ್ಭಾಗ ಲೇಯೋನ್ ಸೀಮೆ. ರೇಸ್ ಮುಗಿಯೋದು ಅಲ್ಲಿನ ಲ್ಯಾನಿಲಿಸ್ ಅನ್ನೋ ಸಣ್ಣ ಊರಲ್ಲಿ. ಶುರುವಾಗಿದ್ದು 1984ರಲ್ಲಿ.

[ದೃಶ್ಯ: ಪರದೆ ಮೇಲೆ ಮೂರು ಪದ: ಟ್ರೋ. ಬ್ರೋ. ಲೇಯೋನ್.]

ಈಗ ಹೆಸರು ನೋಡಿ. ಇದು ಫ್ರೆಂಚ್ ಅಲ್ಲ, ಬ್ರಿಟನಿಯವರ ಬ್ರೆಟನ್ ಭಾಷೆ. 'ಟ್ರೋ' ಅಂದ್ರೆ ಸುತ್ತು. 'ಬ್ರೋ' ಅಂದ್ರೆ ನಾಡು, ಸೀಮೆ. ಒಟ್ಟಿಗೆ ಓದಿದ್ರೆ 'ಲೇಯೋನ್ ಸೀಮೆಯ ಸುತ್ತು'. ಬ್ರೆಟನ್ ಭಾಷೆಗೂ ಫ್ರೆಂಚ್‌ಗೂ ಹತ್ತಿರದ ನಂಟಿಲ್ಲ. ಅದರ ಒಡಹುಟ್ಟು ಇರೋದು ಸಮುದ್ರದಾಚೆ, ಬ್ರಿಟನ್ನಿನ ವೆಲ್ಶ್ ಭಾಷೆ. ನಮ್ಮ ಕನ್ನಡ ತುಳು ಒಂದೇ ಮನೆತನದವು ಅಂತೀವಲ್ಲ, ಹಾಗೆ.

ಇನ್ನೊಂದು ಪದ ಹೇಳದೆ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಈ ಜಿಲ್ಲೆಯ ಫ್ರೆಂಚ್ ಹೆಸರು ಫಿನಿಸ್ಟೇರ್, ಅಂದ್ರೆ 'ಭೂಮಿ ಮುಗಿಯೋ ಜಾಗ'. ಅದೇ ಜಿಲ್ಲೆಗೆ ಬ್ರೆಟನ್ನರು ಇಟ್ಟ ಹೆಸರು ಪೆನ್-ಆರ್-ಬೆಡ್. 'ಪೆನ್' ಅಂದ್ರೆ ತುದಿ ಅಂತಲೂ ಹೌದು, ತಲೆ ಅಂತಲೂ ಹೌದು. ಪ್ಯಾರಿಸ್ಸಿನಿಂದ ನೋಡಿದವರಿಗೆ ಭೂಮಿ ಮುಗಿದುಹೋಗೋ ಜಾಗ, ಅಲ್ಲೇ ಹುಟ್ಟಿದವರಿಗೆ ಲೋಕದ ತಲೆ! ಈ ಒಂದು ಪದಕ್ಕೋಸ್ಕರವೇ ವಿಡಿಯೋ ಮಾಡಬಹುದಿತ್ತು.

[ದೃಶ್ಯ: ಮರದ ಪಾದರಕ್ಷೆಯೊಂದು ಹುರಿಯಲ್ಲಿ ನೇತಾಡ್ತಿರೋ ರೇಖಾಚಿತ್ರ.]

ಈ ಪಾದರಕ್ಷೆ ನೋಡಿ. ಇಪ್ಪತ್ತನೇ ಶತಮಾನದ ನಡುವಿನ ತನಕವೂ ಬ್ರಿಟನಿಯ ಎಷ್ಟೋ ಶಾಲೆಗಳಲ್ಲಿ ಒಂದು ಪದ್ಧತಿ ಇತ್ತು. ಬ್ರೆಟನ್‌ನಲ್ಲಿ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಇಂಥ ಮರದ ಮೆಟ್ಟನ್ನೋ ಬೇರೇನಾದರೂ ವಸ್ತುವನ್ನೋ ಕಟ್ಟೋರು. ಅದಕ್ಕೆ 'ಹಸು' ಅಂತ ಹೆಸರು. ಕಳಚಿಕೊಳ್ಳಬೇಕಾ? ಬ್ರೆಟನ್ ಮಾತಾಡೋ ಇನ್ನೊಂದು ಮಗುವನ್ನ ಹಿಡಿದುಕೊಡಬೇಕು. ಆಗ ಅದು ಆ ಮಗುವಿನ ಕೊರಳಿಗೆ. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿರುತ್ತೋ ಅವರಿಗೆ ಶಿಕ್ಷೆ. ಮನೆಮಾತಿಗಾಗಿ ಗೆಳೆಯನ ಮೇಲೆ ಗೆಳೆಯನೇ ದೂರು ಹೇಳಬೇಕು. ಇದನ್ನ ಓದಿದ ದಿನ ನನಗೆ ಬೇರೆ ಕೆಲಸ ಮಾಡೋಕಾಗಲಿಲ್ಲ. ಆ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಮಕ್ಕಳ ಜೊತೆ ಫ್ರೆಂಚ್ ಮಾತ್ರ ಆಡಿದ್ರು. ಅವರನ್ನ ಹೇಗೆ ತಪ್ಪು ಅನ್ನೋದು? 1950ರ ಹೊತ್ತಿಗೆ ಹತ್ತು ಲಕ್ಷ ದಾಟಿದ್ದ ಬ್ರೆಟನ್ ಮಾತಾಡೋರು 2018ರ ಸಮೀಕ್ಷೆಯಲ್ಲಿ ಸುಮಾರು 2 ಲಕ್ಷಕ್ಕಿಳಿದಿದ್ರು.

1977ರಲ್ಲಿ ಇದೇ ಲೇಯೋನ್ ಸೀಮೆಯ ಲಾಂಪೋಲ್-ಪ್ಲುದಾಲ್ಮೆಜೊ ಅನ್ನೋ ಹಳ್ಳಿಯಲ್ಲಿ ಬೆರಳೆಣಿಕೆಯ ಮಕ್ಕಳನ್ನ ಕೂರಿಸಿಕೊಂಡು ಒಂದು ಶಿಶುವಿಹಾರ ಶುರುವಾಯ್ತು. ಅಲ್ಲಿ ಪಾಠ, ಆಟ, ಊಟ ಎಲ್ಲ ಬ್ರೆಟನ್‌ನಲ್ಲೇ. ಹೆಸರು 'ದಿವಾನ್'. ಆ ಭಾಷೆಯಲ್ಲಿ ದಿವಾನ್ ಅಂದ್ರೆ ಮೊಳಕೆ. ಮೊಳಕೆ ಒಂದೊಂದೇ ಊರಿಗೆ ಹಬ್ಬಿತು, ಲ್ಯಾನಿಲಿಸ್‌ಗೂ ಬಂತು. ಬಂದ ಮೇಲೆ ಬಾಡಿಗೆ, ಸಂಬಳ, ಪುಸ್ತಕ? ದುಡ್ಡು ಊರವರೇ ಹೊಂದಿಸಬೇಕು. ಆಗ ಜಾನ್-ಪೋಲ್ ಮೆಲ್ಲುಯೆಟ್ ಅನ್ನೋರು ಸೈಕಲ್ ರೇಸ್ ಮಾಡೋಣ ಅಂದ್ರು. ಟ್ರೋ-ಬ್ರೋ ಲೇಯೋನ್ ಹುಟ್ಟಿದ್ದು ಹೀಗೆ, ಒಂದು ಶಾಲೆ ಮುಚ್ಚಬಾರದು ಅಂತ. ಇಂಥ ಕಾರಣಕ್ಕೆ ಹುಟ್ಟಿದ ಇನ್ನೊಂದು ವೃತ್ತಿಪರ ರೇಸ್ ನನಗೆ ಗೊತ್ತಿಲ್ಲ.

[ದೃಶ್ಯ: ಹೊಲದ ನಡುವಿನ ದಾರಿ, ಕ್ಯಾಮೆರಾ ನೆಲಕ್ಕೆ ಹತ್ತಿರ.]

ಮೆಲ್ಲುಯೆಟ್‌ಗೆ ಪ್ಯಾರಿಸ್-ರೂಬೆ ಅಂದ್ರೆ ಪ್ರಾಣ. ಅಲ್ಲಿ ಕಲ್ಲುಹಾಸಿನ ರಸ್ತೆ ಇದೆ, ಲೇಯೋನ್‌ನಲ್ಲಿ ಏನಿದೆ? 'ರಿಬಿನ್' ಇದೆ. ನಮ್ಮೂರ ಗಾಡಿದಾರಿಯನ್ನ ಕಣ್ಮುಂದೆ ತಂದ್ಕೊಳ್ಳಿ. ಟ್ರ್ಯಾಕ್ಟರ್ ಓಡಾಡಿ ಎರಡು ಜಾಡು, ನಡುವೆ ಹುಲ್ಲಿನ ಪಟ್ಟಿ, ಅಕ್ಕಪಕ್ಕ ಹೂಕೋಸಿನ ಹೊಲ. ಅದೇ ರಿಬಿನ್. ಬಿಸಿಲಿದ್ರೆ ಧೂಳು, ಮಳೆ ಬಂದ್ರೆ ಸಗಣಿ ಕಲೆತ ಕೆಸರು. ಈಗಿನ ರೇಸಲ್ಲಿ ಇಂಥ ಇಪ್ಪತ್ತಕ್ಕೂ ಹೆಚ್ಚು ತುಂಡುಗಳಿರುತ್ತೆ.

ಜಾಡಿನ ಅಗಲ ಒಂದು ಗೇಣು, ಒಂದೂವರೆ ಗೇಣು. ಮುಂದಿರೋನನ್ನ ಹಿಂದೆ ಹಾಕಬೇಕಂದ್ರೆ ಹುಲ್ಲುಪಟ್ಟಿ ಹತ್ತಿ ಆಚೆ ಜಾಡಿಗೆ ಇಳೀಬೇಕು. ಒದ್ದೆ ಹುಲ್ಲಿನ ಮೇಲೆ ಮುಂದಿನ ಚಕ್ರ ಜಾರಿತೋ, ಮೊಣಕೈ ನೆಲಕ್ಕೆ. ಹಾಗಾಗಿ ಅಸಲಿ ಕಾಳಗ ನಡೆಯೋದು ರಿಬಿನ್ ಒಳಗಲ್ಲ, ಅದಕ್ಕೆ ಮುಂಚಿನ ಡಾಂಬರು ರಸ್ತೆಯಲ್ಲಿ. ಮೊದಲ ಇಪ್ಪತ್ತರಲ್ಲಿ ಒಳಗೆ ನುಗ್ಗಬೇಕು ಅಂತ ನೂರಕ್ಕೂ ಹೆಚ್ಚು ಜನ ಹೆಗಲಿಗೆ ಹೆಗಲು ತಾಗಿಸಿಕೊಂಡು ಬರ್ತಾರೆ, ಜೊತೆಗೆ ಸಮುದ್ರದ ಅಡ್ಡಗಾಳಿ ಬೇರೆ. ಒಳಗೆ ಪಂಕ್ಚರ್ ಆದ್ರೆ ತಂಡದ ಕಾರು ದಾರಿ ಸಿಗದೆ ಎಲ್ಲೋ ಹಿಂದೆ. ಅದಕ್ಕೇ ಸಹಾಯಕರು ರಿಬಿನ್ ಮುಗಿಯೋ ಕಡೆ ಎರಡೂ ಕೈಲಿ ಚಕ್ರ ಹಿಡಿದು ಕಾಯ್ತಿರ್ತಾರೆ.

ಸಮಯ ಆಗ್ತಿದೆ, ಉಳಿದ ಇತಿಹಾಸ ಒಟ್ಟಿಗೆ ಹೇಳ್ತೀನಿ. 1990ರ ದಶಕದ ಕೊನೆವರೆಗೂ ಇದು ಅಮೆಚೂರ್‌ಗಳ ರೇಸ್, ಆಮೇಲೆ ವೃತ್ತಿಪರರದ್ದು. ಸಾಮ್ಯುಯೆಲ್ ದ್ಯುಮುಲಾ 2003, 2004ರಲ್ಲಿ ಸಾಲಾಗಿ ಗೆದ್ದ. 2008ರಲ್ಲಿ ಗೆದ್ದ ಫ್ರೆಡೆರಿಕ್ ಗೆಡೋ ಬ್ರಿಟನಿಯವನೇ. 1997ರಲ್ಲಿ ಪ್ಯಾರಿಸ್-ರೂಬೆ ಗೆದ್ದಿದ್ದ ಆತನ ನಂತರ ಯಾವ ಫ್ರೆಂಚ್ ಪುರುಷನೂ ಅದನ್ನ ಗೆದ್ದಿಲ್ಲ. ರೂಬೆಯ ಕನಸಿಂದ ಹುಟ್ಟಿದ ರೇಸಿಗೆ ರೂಬೆ ಗೆದ್ದ ಊರ ಮಗನೇ ಬಂದು ಗೆದ್ದ, ಎಂಥ ಯೋಗ! 2020ರಲ್ಲಿ ರೇಸ್ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ಎರಡನೇ ದರ್ಜೆಯಾದ ಪ್ರೊ ಸೀರೀಸ್‌ಗೆ ಏರಿತು, ಅದೇ ವರ್ಷ ಕೋವಿಡ್‌ನಿಂದ ನಡೀಲಿಲ್ಲ. 2024ರಲ್ಲಿ ಬೆಲ್ಜಿಯಂನ ಅರ್ನೋ ದ ಲೀ ಗೆದ್ದ. ಹೈನುಗಾರಿಕೆ ಮಾಡೋ ಮನೆ ಹುಡುಗ, ಹೊಲದ ದಾರಿ ಅವನಿಗೆ ಹೊಸದಲ್ಲ.

ಶಾಲೆಯ ಕಷ್ಟ ಮುಗೀತಾ? ಇಲ್ಲ. 'ಗಣರಾಜ್ಯದ ಭಾಷೆ ಫ್ರೆಂಚ್' ಅನ್ನೋ ಸಾಲು 1992ರಲ್ಲಿ ಸಂವಿಧಾನಕ್ಕೆ ಸೇರಿತು. ಪೂರ್ತಿಯಾಗಿ ಪ್ರಾದೇಶಿಕ ಭಾಷೆಯಲ್ಲೇ ಕಲಿಸೋಕೆ ಅವಕಾಶ ಕೊಟ್ಟ ಹೊಸ ಕಾನೂನಿನ ಭಾಗವನ್ನ 2021ರ ಮೇನಲ್ಲಿ ಅಲ್ಲಿನ ಸಾಂವಿಧಾನಿಕ ಮಂಡಳಿ ತೆಗೆದುಹಾಕಿತು. ನನ್ನ ಮಟ್ಟಿಗೆ ಇದು ಅನ್ಯಾಯ. ಮಗು ಎರಡು ಭಾಷೆ ಕಲಿತರೆ ಯಾವ ದೇಶವೂ ಒಡೆಯಲ್ಲ.

ಹಂದಿಮರಿ ಬಾಕಿ ಇತ್ತಲ್ಲ? ಫ್ರಾನ್ಸಿನ ಹಂದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಕೋದು ಬ್ರಿಟನಿಯಲ್ಲೇ. ಅಲ್ಲಿನ ರೈತನ ಮನೆಯಿಂದ ಬರೋ ಉಡುಗೊರೆ ಅದು. ಅದು ಸಿಗೋದು ಗೆದ್ದವನಿಗಲ್ಲ. ಆ ದಿನ ಎಲ್ಲರಿಗಿಂತ ಮೊದಲು ಗೆರೆ ದಾಟಿದ ಬ್ರೆಟನ್ನನಿಗೆ. ಅವನು ಮೂರನೆಯವನಾಗಿರಬಹುದು, ಇಪ್ಪತ್ತನೆಯವನೂ ಆಗಿರಬಹುದು. ರೇಸ್ ಏಪ್ರಿಲ್ ಇಲ್ಲಾ ಮೇನಲ್ಲಿ ಬರುತ್ತೆ. ಈ ಸಲ ನೋಡಿದ್ರೆ, ಮೊದಲನೆಯವನು ಕೈ ಎತ್ತಿದ ಕೂಡಲೇ ಪರದೆ ಆರಿಸಬೇಡಿ. ಹಿಂದೆ ಬರ್ತಿರೋರ ಮೇಲೆ ಕಣ್ಣಿಡಿ, ಹಂದಿಮರಿಗೋಸ್ಕರ ಆಗಲೂ ಅಲ್ಲಿ ಯಾರೋ ಇಬ್ಬರು ಉಸಿರುಬಿಗಿಹಿಡಿದು ಪೆಡಲ್ ತುಳೀತಿರಬಹುದು.